ಹರಿಣಾಕ್ಷಿ ಕೊಟ್ಟ ಟಾನಿಕ್

ಮುಳ್ಳೇರಿಯದಲ್ಲಿ ಆಟೋ ಓಡಿಸುವ ಜಯಂತ್ ಒಮ್ಮೆ ಗಲ್ಫಿಗೆ ಹೊರಟವನು. ಮೆಡಿಕಲ್ ಪರೀಕ್ಷೆಯಲ್ಲಿ ಹೆಪಟೈಟಿಸ್ ಸಿ ಎಂದು ಬಂತು, ರಕ್ತದಿಂದ ಹರಡಿ ಲಿವರನ್ನು ಹಾಳು ಮಾಡುವ ವೈರಸ್. ಹರೆಯದಲ್ಲಿ ಜೀಪು ಮಗುಚಿದಾಗ ಏರಿಸಿದ ರಕ್ತದಿಂದ ಬಂದಿರಬಹುದು, ಬೇಗ ಮದ್ದು ಶುರು ಮಾಡಿ, ಕಬ್ಬಿಣದ ಟಾನಿಕ್ ಮಾತ್ರ ಮುಟ್ಟಬೇಡಿ ಎಂದರು ಡಾಕ್ಟರು. ಇಂಥ ಕಾಯಿಲೆ ಎಂದರೆ ಹೆಂಡತಿ ತನ್ನ ನಡತೆಯ ಬಗ್ಗೆ ಏನು ಗ್ರಹಿಸುತ್ತಾಳೋ ಎಂದು ಹೆದರಿ, ಮನೆಯಲ್ಲಿ ವೀಸಾ ಸಿಗಲಿಲ್ಲ ಎಂದುಬಿಟ್ಟ. ಮದ್ದಿಗೂ ಹೋಗಲಿಲ್ಲ.

ಹೆಂಡತಿ ಹರಿಣಾಕ್ಷಿ ಅಂಗನವಾಡಿಯಲ್ಲಿ ಹೆಲ್ಪರ್. ಮಧ್ಯಾಹ್ನಕ್ಕೇ ಸುಸ್ತಾಗಿ ಬಂದು ಮಲಗುವ ಗಂಡನನ್ನು ನೋಡಿ, ರಕ್ತ ಕಡಿಮೆಯಾಗಿದೆ ಎಂದುಕೊಂಡು ಕಬ್ಬಿಣದ ಟಾನಿಕ್ ತಂದಳು. ದಿನಾ ಬೆಳಿಗ್ಗೆ ತಾನೇ ಚಮಚಕ್ಕೆ ಹೊಯ್ದು ಕೊಡುತ್ತಿದ್ದಳು. ಬೇಡವೆಂದರೆ ಯಾಕೆಂದು ಕೇಳುತ್ತಾಳೆ. ಅವನು ವರ್ಷಗಟ್ಟಲೆ ಕುಡಿಯುತ್ತಲೇ ಹೋದ.

ಕಾಲು ಊದಿಕೊಂಡಾಗ ಅವಳೇ ಮಂಗಳೂರಿಗೆ ಕರೆದುಕೊಂಡು ಹೋದಳು. ಅಲ್ಲಿನ ಹೊಸ ಡಾಕ್ಟರು ರಿಪೋರ್ಟ್ ನೋಡಿ ಕೇಳಿದರು: "ಟಾನಿಕ್ ಎಂತಾದ್ರೂ ಕುಡಿತಿದ್ರಾ?"

"ನಾನೇ ಕೊಟ್ಟದ್ದು ಡಾಕ್ಟ್ರೆ" ಎಂದಳು ಹರಿಣಾಕ್ಷಿ.

"ತಿಂದದ್ದರಲ್ಲಿ ಎಷ್ಟು ಕಬ್ಬಿಣ ಮೈಗೆ ಸೇರ್ಬೇಕು ಅಂತ ನೋಡಿಕೊಳ್ಳುವುದು ಲಿವರ್. ಇವರಿಗೆ ವೈರಸ್ ಉಂಟು, ಆ ಹಿಡಿತ ತಪ್ಪಿದೆ. ಹೆಚ್ಚಾದದ್ದೆಲ್ಲ ಲಿವರಿನಲ್ಲೇ ಕೂತು ಅದನ್ನು ಇನ್ನೂ ಕೆಡಿಸಿ ಗಟ್ಟಿ ಮಾಡಿದೆ."

ಬಸ್ ಸ್ಟ್ಯಾಂಡಿನಲ್ಲಿ ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. "ನನ್ನ ಕೈಯಾರೆ ಹಾಳು ಮಾಡಿದೆ ನಿಮ್ಮನ್ನು."

ಆ ಮಾತನ್ನು ಕೇಳಿಸಿಕೊಂಡು ಸುಮ್ಮನಿರಲು ಜಯಂತ್‌ನಿಂದ ಆಗಲಿಲ್ಲ. "ನೀನಲ್ಲ ಹರಿಣಾ. ಟಾನಿಕ್ ಕುಡಿಯಬಾರದು ಅಂತ ನನಗೆ ಮೊದಲೇ ಹೇಳಿದ್ರು. ಕಾಯಿಲೆಯೂ ಗೊತ್ತಿತ್ತು."

"ಗೊತ್ತಿದ್ದೂ ಕುಡಿದ್ರಾ?"

"ಇಲ್ಲದಿದ್ರೆ ನಿನಗೆ ಎಲ್ಲ ಹೇಳ್ಬೇಕಾಗ್ತಿತ್ತು."

ಅವಳ ಅಳು ನಿಂತಿತು. "ನನಗೂ ಬಂದಿದ್ರೆ?"

ಇಷ್ಟು ವರ್ಷ ತನ್ನ ಮಾನದ ಬಗ್ಗೆ ಯೋಚಿಸಿದವನು ಇದನ್ನು ಒಮ್ಮೆಯೂ ಯೋಚಿಸಿರಲಿಲ್ಲ. ಬಸ್ಸಿನಲ್ಲಿ ಅವಳು ಬೇರೆ ಸೀಟಿನಲ್ಲಿ ಕುಳಿತಳು.

ಮರುದಿನ ರಕ್ತ ಪರೀಕ್ಷೆಗೆ ಅವಳು ಒಬ್ಬಳೇ ಹೋದಳು. ಕೇಳದೆ ಹಿಂದೆ ಹೋದ ಜಯಂತ್ ಲ್ಯಾಬಿನ ಹೊರಗೆ ನಿಂತೇ ಇದ್ದ. ಅವಳಿಗೆ ಕಾಯಿಲೆ ಇರಲಿಲ್ಲ. ಚೀಟಿಯನ್ನು ಅವನ ಕೈಗಿಟ್ಟು ಅಂಗನವಾಡಿಗೆ ನಡೆದಳು.

ಕೆಲವು ತಿಂಗಳ ಮಾತ್ರೆಯಲ್ಲಿ ಅವನ ವೈರಸ್ ಹೋಯಿತು, ಕಬ್ಬಿಣವೂ ಇಳಿಯಿತು. ಗಟ್ಟಿಯಾದ ಲಿವರ್ ಮಾತ್ರ ಪೂರ್ತಿ ಸರಿಯಾಗಲಿಕ್ಕಿಲ್ಲ ಎಂದಿದ್ದಾರೆ ಡಾಕ್ಟರು. ಈಗ ಮಂಗಳೂರಿಗೆ ತೋರಿಸಲು ಹೋಗುವಾಗ ಪ್ರತಿ ಸಲವೂ ಹರಿಣಾಕ್ಷಿ ಜೊತೆಗೆ ಹೋಗುತ್ತಾಳೆ. ಹೇಗಿದ್ದೀರಿ ಎಂದು ಅವನನ್ನು ಕೇಳುವುದಿಲ್ಲ, ಡಾಕ್ಟರನ್ನೇ ಕೇಳುತ್ತಾಳೆ. ಜಯಂತ್ ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳುತ್ತಾನೆ.