ಕಾಳಪ್ಪನಿಗೆ ಓದಿ ಹೇಳಿದ ಸಾಲು

ನಮ್ಮ ಪ್ರಾಣೇಶನಿಗೆ ದಾಖಲೆಯ ಹುಚ್ಚು. ನನ್ನ ಜೊತೆ ಒಂದೇ ಶಾಲೆಯಲ್ಲಿ ಮೂವತ್ತೆರಡು ವರ್ಷ ಇತಿಹಾಸ ಕಲಿಸಿದವ. ಬಾದಾಮಿಗೆ ಪ್ರವಾಸ ಹೋದಾಗ ಗೈಡು ಯಾವುದೋ ರಾಣಿಯ ಕಥೆ ಕಟ್ಟಿ ಹೇಳಿದನೆಂದು ಮಕ್ಕಳೆದುರೇ ಜಗಳ ತೆಗೆದ ಆಸಾಮಿ. ನಿವೃತ್ತನಾದ ಮೇಲೆ ನವನಗರದ ಮನೆಯಲ್ಲಿ ಸುಮ್ಮನೆ ಕೂಡಲಾರದೆ ಇತಿಹಾಸ ಬಳಗ ಕಟ್ಟಿದ, ನನ್ನನ್ನು ಕಾರ್ಯದರ್ಶಿ ಮಾಡಿದ. ಬೇಡವೆಂದರೆ ಕೇಳುವ ಪೈಕಿ ಅಲ್ಲ.

ಹಳೆಯ ಊರು ಅಣೆಕಟ್ಟಿನ ಹಿನ್ನೀರಿಗೆ ಹೋದಾಗ ದಿನ್ನೆಯ ಮೇಲಿನ ಕಲ್ಲಿನ ಚರ್ಚು ಉಳಿಯಿತು. ಚರ್ಚಿನ ಸಭೆಯವರು ನವನಗರದಲ್ಲಿ ಹೊಸದು ಕಟ್ಟಿಕೊಂಡರು. ಹಳೆಯದರ ಕೀಲಿ, ಗಂಟೆ ಬಾರಿಸುತ್ತಿದ್ದ ಕಾಳಪ್ಪನ ಹತ್ತಿರವೇ ಇತ್ತು. ಅವನೊಬ್ಬನೇ ಹೋಗಿ ಕಸ ಹೊಡೆದು ಬರುತ್ತಿದ್ದ. ಅದನ್ನು ಮ್ಯೂಸಿಯಂ ಮಾಡುತ್ತೇವೆಂದಾಗ ಸಭೆಯ ಹಿರಿಯರು ಒಪ್ಪಿದರು. ಕಾಳಪ್ಪ ಮಾತ್ರ ಒಂದು ಮಾತು ಕೇಳಿದ.

ನೂರೈವತ್ತು ವರ್ಷದ ಹಿಂದಿನ ದೊಡ್ಡ ಬರದಲ್ಲಿ ಸಾಯುತ್ತಿದ್ದ ತಾಯಿಯೊಬ್ಬಳು ತನ್ನ ಕೂಸನ್ನು ಇಲ್ಲಿನ ಪಾದ್ರಿಯ ಕೈಗೆ ಹಾಕಿ ಕಣ್ಣುಮುಚ್ಚಿದ್ದಳಂತೆ. ಆ ಕೂಸೇ ಕಾಳಪ್ಪನ ಆಯಿ, ಅವನ ಅಪ್ಪನ ತಾಯಿ. ದೀಕ್ಷಾಸ್ನಾನದ ದಪ್ಪ ಪುಸ್ತಕದಲ್ಲಿ ಹೆತ್ತವಳ ಹೆಸರು, ಊರು ಎರಡೂ ಇವೆಯೆಂದು ಯಾವುದೋ ಕಾಲದ ಪಾದ್ರಿ ಹೇಳಿ, ಆ ಪುಟಕ್ಕೆ ದಾರ ಇಟ್ಟಿದ್ದರು. ಕೂಡಿಸಿ ಬರೆದ ಆ ಹಳೆಯ ಅಕ್ಷರ ಓದುವವರು ಆಮೇಲೆ ಸಿಕ್ಕಿರಲಿಲ್ಲ.

"ನಮ್ಮ ಆಯಿ ಸಾಯೂ ಮಟ ನಾ ಯಾರ ಮಗಳು, ನಾ ಯಾರ ಮಗಳು ಅಂತಿದ್ಲ್ರಿ ಸರ. ಆ ಒಂದ ಸಾಲು ಓದಿ ಹೇಳ್ರಿ. ಮುಂದ ಚರ್ಚ್ ಏನರ ಮಾಡ್ಕೋರಿ."

ಪ್ರಾಣೇಶನ ಕಣ್ಣು ತುಂಬಿತು. "ಹಿಂಗ ಮೂಲ್ಯಾಗ ನಿಂತು ಓದೂದಲ್ಲೋ ಕಾಳಪ್ಪ. ವಿಜಯದಶಮಿ ದಿನ ಮ್ಯೂಸಿಯಂ ತೆರೀತೇವಿ. ಊರ ಮಂದಿ ಮುಂದ ಓದ್ತೇನಿ."

ಅವತ್ತೇ ಓದಿ ಒಂದು ಚೀಟಿಯಲ್ಲಿ ಬರೆದಿಟ್ಟಿದ್ದರೆ ಇವನ ಗಂಟೇನು ಹೋಗುತ್ತಿತ್ತು! ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಅವನ ಮೇಲೂ, ಭಾಳ ಚಲೋ ವಿಚಾರ ಎಂದು ತಲೆಯಾಡಿಸಿದ ನನ್ನ ಮೇಲೂ.

ಪುಸ್ತಕದ ಹಾಳೆಗಳು ಒಣಗಿ ಮುರಿಯುತ್ತಿದ್ದವು. ಪ್ರಾಣೇಶ ಅದನ್ನು ಮನೆಗೆ ಒಯ್ದ. ಅವನ ಮನೆಯಲ್ಲಿ ಅಜ್ಜನ ಕಾಲದ ತಾಳೆಗರಿಗಳಿವೆ. ನವರಾತ್ರಿಯಲ್ಲಿ ಸರಸ್ವತಿಯನ್ನು ಕೂಡಿಸುವ ದಿನ ಅವಕ್ಕೆ ನಿಂಬೆಹುಲ್ಲಿನ ಎಣ್ಣೆ ಸವರಿ, ಮಡಿಬಟ್ಟೆಯಲ್ಲಿ ಕಟ್ಟಿ ಪೂಜೆಗಿಡುತ್ತಾರೆ. ಒಮ್ಮೆ ಇಟ್ಟರೆ ದಶಮಿಯವರೆಗೆ ಯಾವ ಪುಸ್ತಕವನ್ನೂ ಬಿಚ್ಚಿ ಓದುವಂತಿಲ್ಲ. ಗರಿಗೆ ಮಾಡಿದ್ದನ್ನೇ ಈ ಕಾಗದಕ್ಕೂ ಮಾಡಿದ, ಹಾಳೆ ಹಾಳೆಗೂ, ಕೈಬಿಚ್ಚಿ. ಓದುವುದನ್ನು ದಶಮಿಗೆಂದೇ ಇಟ್ಟುಕೊಂಡು, ದಾರದ ಪುಟದ ಬರಹದ ಕಡೆಗೂ ಕಣ್ಣು ಹಾಯಿಸಲಿಲ್ಲ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ. ಭಕ್ತಿಯಿಂದ ಮಾಡಿದನಲ್ಲ, ಅದೇ ಸಂಕಟ.

ದಶಮಿಯ ಬೆಳಿಗ್ಗೆ ಚರ್ಚಿನ ತುಂಬ ಜನ. ಕಾಳಪ್ಪ ಹೊಸ ಧೋತರ ಉಟ್ಟು, ಮಗಳನ್ನೂ ಮೊಮ್ಮಕ್ಕಳನ್ನೂ ಮುಂದಿನ ಬೆಂಚಿನಲ್ಲಿ ಕೂಡಿಸಿದ್ದ. ಪ್ರಾಣೇಶ ಗಂಟು ಬಿಚ್ಚಿದ. ನಾನು ಪಕ್ಕದಲ್ಲೇ ನಿಂತಿದ್ದೆ. ಎಣ್ಣೆ ಕುಡಿದ ಹಾಳೆಗಳು ಮಿರ್ಚಿ ಭಜಿ ಕಟ್ಟಿಕೊಟ್ಟ ಕಾಗದದಂತಾಗಿದ್ದವು. ಹಿಂದಿನ ಬರಹವೂ ಮುಂದಿನ ಬರಹವೂ ಒಂದರ ಮೇಲೊಂದು ಮೂಡಿ ಒಂದಕ್ಷರ ತಿಳಿಯುವಂತಿರಲಿಲ್ಲ. ದಾರವಿದ್ದ ಪುಟ ಅಂಟಿಕೊಂಡಿತ್ತು. ಎತ್ತಲು ಹೋದರೆ ಹರಿಯಿತು.

"ಏನ್ ಬರದೈತ್ರಿ ಸರ?" ಎಂದ ಕಾಳಪ್ಪ. ಎದ್ದು ನಿಂತಿದ್ದ.

ಪ್ರಾಣೇಶ ಪುಸ್ತಕದಿಂದ ತಲೆ ಎತ್ತಲಿಲ್ಲ. "ತಾಯಿ ಹೆಸರು ಗುರುಸಿದ್ದವ್ವ," ಎಂದ. "ಊರು ತುಳಸಿಗೇರಿ."

ಗುರುಸಿದ್ದವ್ವ ನಮ್ಮ ಶಾಲೆಯಲ್ಲಿ ನೀರು ತುಂಬುತ್ತಿದ್ದವಳ ಹೆಸರು. ತುಳಸಿಗೇರಿಗೆ ಅವನು ಹಿಂದಿನ ಶನಿವಾರ ಹನುಮಪ್ಪನ ದರ್ಶನಕ್ಕೆ ಹೋಗಿಬಂದಿದ್ದ. ಬಾಯಿಗೆ ಬಂದದ್ದು ಅಷ್ಟೇ. ಕಾಳಪ್ಪ ಕೈಮುಗಿದು, ಸಣ್ಣ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಆ ಅಳು ಕೇಳಿದ ಮೇಲೆ ನಿಜ ಹೇಳುವ ಧೈರ್ಯ ಯಾರಿಗಿತ್ತು? ನನಗಂತೂ ಇರಲಿಲ್ಲ.

ಅಂದಿನಿಂದ ಕಾಳಪ್ಪ ವಾರಕ್ಕೊಮ್ಮೆ ಬಸ್ಸು ಹಿಡಿದು ತುಳಸಿಗೇರಿಗೆ ಹೋಗತೊಡಗಿದ. ಮನೆಮನೆಯ ಮುಂದೆ ನಿಂತು ಗುರುಸಿದ್ದವ್ವನ ಪೈಕಿಯವರು ಯಾರಾದರೂ ಇದ್ದಾರೆಯೇ ಎಂದು ಕೇಳುತ್ತಿದ್ದ. ಕೆಲವರು ರೊಟ್ಟಿ ಕೊಟ್ಟರು, ಕೆಲವರು ಆಸ್ತಿ ಕೇಳಲು ಬಂದವನೆಂದು ಬೈದು ಕಳಿಸಿದರು. ಪ್ರಾಣೇಶ ಎರಡು ಸಲ ನಿಜ ಹೇಳಿಬಿಡಲು ಅವನ ಮನೆಗೆ ಹೋದ. ಎರಡನೆಯ ಸಲ ಹೋಗುವಷ್ಟರಲ್ಲಿ ಕಾಳಪ್ಪ ಆಯಿಯ ಗೋರಿಯ ಮೇಲೆ 'ಗುರುಸಿದ್ದವ್ವನ ಮಗಳು' ಎಂದು ಕೆತ್ತಿಸಿದ್ದ. ಇವನು ಚಹಾ ಕುಡಿದು ಎದ್ದುಬಂದ.

ಹೋದ ತಿಂಗಳು ಕಾಳಪ್ಪನ ಮೊಣಕಾಲು ಹಿಡಿದುಕೊಂಡವು. ಏಳಲಿಕ್ಕಾಗದೆ ಪ್ರಾಣೇಶನನ್ನು ಕರೆಸಿದ.

"ಇನ್ನ ಎರಡ ಓಣಿ ಉಳದಾವ್ರಿ ಸರ. ನನ್ನ ಮಾತು ಯಾರೂ ನಂಬೂದಿಲ್ಲ. ಓದಿದವ್ರು ನೀವು. ನೀವ ಹೋಗಿ ಕೇಳ್ರಿ."

ಪ್ರಾಣೇಶ ನನ್ನ ಸ್ಕೂಟರಿನ ಹಿಂದೆ ಕುಳಿತ. ಅರ್ಧ ದಾರಿಯಲ್ಲಿ ಗಾಡಿ ನಿಲ್ಲಿಸಿ ಹೇಳಿದೆ: "ಲೇ ಪ್ರಾಣ್ಯಾ, ತಿರುಗಿ ಹೋಗೂಣು. ಕೇಳಿದ್ವಿ, ಯಾರೂ ಸಿಗಲಿಲ್ಲ ಅಂದ್ರಾತು."

"ಇನ್ನೊಂದು ಸುಳ್ಳು ನನ್ನ ಕಡಿಂದ ಆಗೂದಿಲ್ಲೋ," ಎಂದ.

ತುಳಸಿಗೇರಿಯಲ್ಲಿ ಇಳಿದು ಮೊದಲ ಮನೆಯ ಚಿಲಕ ಬಾರಿಸಿದ. ಹೆಂಗಸೊಬ್ಬಳು ಹೊರಗೆ ಬಂದಳು. "ಭಾಳ ಹಿಂದ ನಿಮ್ಮ ಮನಿತನದಾಗ ಗುರುಸಿದ್ದವ್ವ ಅಂತ ಯಾರರ ಇದ್ರೇನ್ರಿ ತಂಗಿ?" ಎಂದು ಕೇಳಿದ. ಇಲ್ಲವೆಂದಳು. ಪಕ್ಕದ ಮನೆಗೆ ಹೋದ. ಮಧ್ಯಾಹ್ನದ ಬಿಸಿಲಿನಲ್ಲಿ ಎರಡೂ ಓಣಿ ಕೇಳಿ ಮುಗಿಸಿದ. ಒಂದು ಮನೆಯನ್ನೂ ಬಿಡಲಿಲ್ಲ.