ಚಕ್ರದ ನಡುಕ ಹಿಡಿಯುವ ಸೊಸೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶೆಡ್ಡಿನಲ್ಲಿ ನಿಂತ ಜೀಪಿನ ಕೆಳಗೆ ಸೊಸೆಯ ಎರಡು ಪಾದಗಳಷ್ಟೇ ಕಾಣುತ್ತಿವೆ. ಮೇಲೆ ಸ್ಟೀರಿಂಗ್ ಹಿಡಿದು ಕೂತ ಅತ್ತೆಗೆ ತಾಳ್ಮೆ ತಪ್ಪುತ್ತಿದೆ. "ಹಳೇದು ಬಿಚ್ಚಾಯ್ತಲ್ಲ, ಹೊಸದು ಹಾಕಿ ಕೊಡೇ ತಾಯಿ! ಬೆಟ್ಟದ ಮೇಲೆ ತುಂಬು ಬಸುರಿ ಕಾಯ್ತಿದ್ದಾಳೆ."

"ಬಸುರಿ ಕೂರ್ತಾಳೆ ಅಂತಲೇ ನೋಡ್ತಿರೋದು ಅತ್ತೆ. ಸ್ಟೀರಿಂಗ್ ಆಡಿಸಿ, ನಿಧಾನಕ್ಕೆ."

ಬೆಟ್ಟದ ಕಲ್ಲುಹಾದಿಯಲ್ಲಿ ರೋಗಿಗಳನ್ನು ಆಸ್ಪತ್ರೆಗೆ ಇಳಿಸುವ ಜೀಪು ಇದೊಂದೇ. ಓಡಿಸುವವರು ಅತ್ತೆ, ರಿಪೇರಿ ಸೊಸೆಯದು. ನಿನ್ನೆ ಇಳಿಯುವಾಗ ಸ್ಟೀರಿಂಗ್ ಚಳಿಜ್ವರ ಬಂದವರ ಹಾಗೆ ನಡುಗಿದೆ. ಕಲ್ಲಿಗೆ ಬಡಿದ ಚಕ್ರದ ಏಟು ಕೈಗೆ ಬಾರದಂತೆ ತಡೆಯುವುದು ಸ್ಟೀರಿಂಗ್ ಡ್ಯಾಂಪರ್ ಎಂಬ, ಎಣ್ಣೆ ತುಂಬಿದ ಮೊಳದುದ್ದದ ಕೊಳವೆ. ಬಿಚ್ಚಿದ ಹಳೆಯದನ್ನು ಸೊಸೆ, ಇವರ ಕೆಲಸ ನೋಡಿ ಬರೆಯಲು ಬಂದ ನನ್ನ ಕೈಗಿಡುತ್ತಾರೆ. ಒತ್ತಿದರೆ ಬಿಗಿಯಾಗಿ ಇಳಿಯಬೇಕಾದ ಸರಳು ಸರಕ್ಕನೆ ಒಳಹೋಗುತ್ತದೆ. ಎಣ್ಣೆಯೆಲ್ಲ ಸೋರಿಹೋಗಿದೆ.

ಹೊಸದು ಹಾಕಿದರೆ ಮುಗಿಯಿತಲ್ಲ ಎಂದರೆ ನಗುತ್ತಾರೆ. "ಅಲ್ಲೇ ಎಲ್ಲರೂ ಮೋಸ ಹೋಗೋದು. ಬೇರೆಲ್ಲೋ ಸಡಿಲ ಇದ್ರೂ ಹೊಸ ಡ್ಯಾಂಪರ್ ನಡುಕ ಮುಚ್ಚಿಬಿಡತ್ತೆ. ಸರಿಹೋಯ್ತು ಅಂತ ಹೊರಟ್ರೆ ಇಳಿಜಾರಲ್ಲಿ ಕೈಕೊಡತ್ತೆ." ಅದಕ್ಕೇ ಡ್ಯಾಂಪರ್ ಇಲ್ಲದಿರುವಾಗಲೇ, ಸ್ಟೀರಿಂಗಿನಿಂದ ಚಕ್ರದವರೆಗಿನ ಒಂದೊಂದು ಕೀಲನ್ನೂ ಮುಟ್ಟಿ ನೋಡುವುದು ಇವರ ಪದ್ಧತಿ. ಕಲಿಸಿದ್ದು ತೀರಿಹೋದ ಮಾವ. ಕಣ್ಣು ಮಂಜಾದ ಮೇಲೆ ಅವರ ಬೆರಳುಗಳೇ ಕಣ್ಣಾಗಿದ್ದವಂತೆ.

"ಮದುವೆಯಾದ ಹೊಸದರಲ್ಲಿ ಮಾವನಿಗೆ ಸ್ಪ್ಯಾನರ್ ಎತ್ತಿಕೊಡೋಕೆ ಬಂದೆ. ಅಡುಗೆಮನೆಗೆ ವಾಪಸ್ ಹೋಗ್ಲೇ ಇಲ್ಲ. ನಮ್ಮನೆಯವರು ಇವತ್ತಿಗೂ ಗೊಣಗ್ತಾ ಗೊಣಗ್ತಾನೇ ಅಡುಗೆ ಮಾಡ್ತಾರೆ."

ಅತ್ತೆ ಸ್ಟೀರಿಂಗ್ ಆಡಿಸುತ್ತಿದ್ದಾರೆ. ಎಡಚಕ್ರದ ಬಳಿ ಸೊಸೆಯ ಬೆರಳು ನಿಲ್ಲುತ್ತದೆ. "ಇಲ್ಲಿದೆ." ನಾನೂ ತೂರಿಕೊಂಡು ಹೋಗಿ ಮುಟ್ಟಿ ನೋಡುತ್ತೇನೆ, ಏನೆಂದರೆ ಏನೂ ತಿಳಿಯುವುದಿಲ್ಲ. ಆದರೆ ಬಿಚ್ಚಿ ತಂದ ಕೀಲಿನೊಳಗೆ ಗುಂಡು ಲಟಲಟ ಅಲ್ಲಾಡುತ್ತದೆ. ಬಸುರಿಯನ್ನು ಕೂರಿಸಿಕೊಂಡು ಇಳಿಯಬೇಕಾಗಿದ್ದುದು ಇದರ ಮೇಲೆ! ಅತ್ತೆ ತಾವೇ ಇಳಿದು ಹೊಸ ಕೀಲು ತಂದುಕೊಡುತ್ತಾರೆ.

ಚಕ್ರದ ನೇರ ತಪ್ಪದಂತೆ, ಹಳೆಯ ಕೀಲು ಎಷ್ಟು ಸುತ್ತು ತಿರುಗಿಸಿದಾಗ ಕಳಚಿತ್ತೋ ಅಷ್ಟೇ ಸುತ್ತು ತಿರುಗಿಸಿ ಹೊಸದನ್ನು ಕೂರಿಸುತ್ತಾರೆ. ಆಮೇಲೆ ಡ್ಯಾಂಪರ್. ನಟ್ಟು ಬಿಗಿದು, ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಎಲ್ಲೂ ತಾಗುತ್ತಿಲ್ಲವೆಂದು ಖಾತ್ರಿಯಾದ ಮೇಲೇ ಅಪ್ಪಣೆ: "ಈಗ ಹೊರಡಿ."

ಬಸುರಿಯನ್ನು ಆಸ್ಪತ್ರೆಗೆ ಸೇರಿಸಿ ಅತ್ತೆ ಮರಳಿದಾಗ ಮಧ್ಯಾಹ್ನವಾಗಿದೆ. "ಸ್ಟೀರಿಂಗ್ ಹೇಳಿದ ಹಾಗೆ ಕೇಳ್ತು ಕಣೇ" ಎಂದಷ್ಟೇ ಹೇಳಿ ಊಟಕ್ಕೆ ನಡೆಯುತ್ತಾರೆ. ಸೊಸೆಯ ಮುಖ ಅರಳುತ್ತದೆ.

ನಿಮಗೇನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ. ಅವರು ಕೈಗೆ ಮೆತ್ತಿದ ಗ್ರೀಸ್ ಒರೆಸಿಕೊಳ್ಳುತ್ತಾ ಯೋಚಿಸುತ್ತಾರೆ.

"ಆ ಬೆಟ್ಟದ ದಾರಿ ತುಂಬ ಚೆನ್ನಾಗಿದೆಯಂತೆ, ಹೋಗಿ ಬಂದವರೆಲ್ಲ ಹೇಳ್ತಾರೆ. ನಾನೂ ಎಷ್ಟೋ ಸಲ ಹೋಗಿದ್ದೀನಿ. ಕಿವಿಯೆಲ್ಲ ಚಕ್ರದ ಮೇಲೇ ಇರತ್ತೆ. ಒಂದೇ ಒಂದ್ಸಲ, ಸುಮ್ನೆ ಆಚೆ ಈಚೆ ನೋಡ್ಕೊಂಡು ಹೋಗ್ಬೇಕು."