ಗ್ಲೆನಿಸ್ ಊದುಬತ್ತಿ ಹಿಡಿದದ್ದು

ಬ್ಯಾಲರಾಟ್ ಊರಿನಲ್ಲಿ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ಗ್ಲೆನಿಸ್ ಟ್ರೆವಿನ್‌ಗೆ ದೇವರು ದಿಂಡರ ಗೊಡವೆ ಹೆಚ್ಚೇನೂ ಇರಲಿಲ್ಲ. ಅವಳ ತಲೆಬಿಸಿಯೆಲ್ಲ ಚಳಿಯದು. ಹಲಗೆಗೋಡೆಯ ಹಳೇ ಮನೆ. ಅಲ್ಲಿ ಚಳಿಗಾಲ ಶುರುವಾಗುವುದೇ ಜೂನ್‌ನಲ್ಲಿ; ಜೂನ್ ಬಂತೆಂದರೆ ಕಿಟಕಿ ಮುಚ್ಚಿದ್ದರೂ ಪರದೆಗಳು ಕುಣಿಯುತ್ತಿದ್ದವು. ಹೀಟರು ದಿನವಿಡೀ ಉರಿದರೂ ಗಂಡ ಕ್ಲಿಫ್ ಉಣ್ಣೆಯ ಕೈಗವಸು ಹಾಕಿಕೊಂಡೇ ಊಟಕ್ಕೆ ಕೂರುತ್ತಿದ್ದ. ಬಟಾಣಿ ಮಾಡಿದ ದಿನ ಮಾತ್ರ ಬಹಳ ಕಷ್ಟವಾಗುತ್ತಿತ್ತು.

ಒಂದು ಸೋಮವಾರ ಲೈಬ್ರರಿಯಲ್ಲಿ ಮನೆ ಬೆಚ್ಚಗಿಡುವ ಬಗ್ಗೆ ಒಬ್ಬ ಹುಡುಗಿಯ ಭಾಷಣ ಇತ್ತು. ಊದುಬತ್ತಿ ಹಚ್ಚಿ ಗೋಡೆಯುದ್ದಕ್ಕೂ ಹಿಡಿಯಿರಿ, ಹೊಗೆ ಎಲ್ಲಿ ಅಡ್ಡ ತಿರುಗುತ್ತದೋ ಅಲ್ಲೇ ಗಾಳಿ ನುಗ್ಗುವ ಸಂದಿ ಇದೆ ಎಂದಳು. ಅಷ್ಟು ಕೇಳಿದ್ದೇ ತಡ, ಗ್ಲೆನಿಸ್ ಅರ್ಧದಲ್ಲೇ ಎದ್ದು ಹೊರಟಳು. ಅಂಗಡಿ ಮುಚ್ಚುವುದರೊಳಗೆ ಗಂಧದ ಊದುಬತ್ತಿ ಹನ್ನೆರಡು ಕಟ್ಟು ಮನೆಗೆ ಬಂದಾಗಿತ್ತು.

ಮರುದಿನದಿಂದ ಶುರು. ರಾತ್ರಿಯ ನಿಲುವಂಗಿಯಲ್ಲೇ ಅವಳು ಊದುಬತ್ತಿ ಹಿಡಿದು ಮಂಡಿಯೂರಿ ಗೋಡೆಗುಂಟ ಸಾಗುವುದು, ಹಿಂದೆ ಕ್ಲಿಫ್ ಸಂದಿಗೆ ತುಂಬುವ ಅಂಟಿನ ಕೊಳವೆಯನ್ನು ಎದೆಗವಚಿಕೊಂಡು ತಲೆ ತಗ್ಗಿಸಿ ಬರುವುದು.

ಬಟ್ಟೆ ಒಣಹಾಕಲು ಬಂದ ಪಕ್ಕದ ಮನೆಯ ಮೊಯ್ರಾ ಬೇಲಿಯ ಮೇಲಿಂದ ನೋಡುತ್ತಾಳೆ, ಗ್ಲೆನಿಸ್ ಹಿಂಬಾಗಿಲಿಗೆ ಹೊಗೆ ಸುತ್ತಿಸಿ, ಹಣೆ ನೆಲಕ್ಕೆ ತಾಗುವಷ್ಟು ಬಗ್ಗಿ, “ಓ! ಇಲ್ಲಿದ್ಯಾ! ಸಿಕ್ಬಿಟ್ಟೆ!” ಎಂದು ಕೂಗುತ್ತಿದ್ದಾಳೆ. ಮೊಯ್ರಾಳ ಬಟ್ಟೆ ಬುಟ್ಟಿಯಲ್ಲೇ ಉಳಿಯಿತು.

“ಪಾಪ, ಯಾವುದೋ ಪಂಥಕ್ಕೆ ಸೇರ್ಕೊಂಡಿದ್ದಾರೆ,” ಎಂದಳು ಅವಳು ಕ್ಲಬ್ಬಿನಲ್ಲಿ. “ಹಿಂಬಾಗಿಲನ್ನ ಪೂಜೆ ಮಾಡ್ತಾರೆ ಕಣ್ರೇ.”

ಗುರುವಾರ ಪಾದ್ರಿ ಲಯನಲ್ ನಿಂಬೆಹಣ್ಣಿನ ಕೇಕು ಹಿಡಿದು ಬಂದರು. ಮನೆಯೆಲ್ಲ ಘಮಘಮ. ಅವರು ಕುರ್ಚಿಯ ತುದಿಯಲ್ಲಿ ಕೂತರು.

“ಯಾವಾಗಿಂದ ಇದು, ಗ್ಲೆನಿಸ್?”

“ಮಂಗಳವಾರದಿಂದ. ಮೊದ್ಲೇ ಗೊತ್ತಿದ್ರೆ ಇಷ್ಟು ವರ್ಷ ದಂಡ ಮಾಡ್ತಿರ್ಲಿಲ್ಲ.”

“ಕ್ಲಿಫ್ ಕೂಡ...?”

“ಮೊದ್ಲು ನಗ್ತಿದ್ದ. ಮಲಗೋ ಕೋಣೇಲಿ ಕಣ್ಣಾರೆ ಕಂಡ್ಮೇಲೆ ನಂಬ್ದ.”

ಪಾದ್ರಿಗಳು ಕೈಲಿದ್ದ ಕೇಕಿನ ತುಂಡನ್ನು ತಟ್ಟೆಗೆ ಇಳಿಸಿದರು. “ಏನು... ಏನು ಕಂಡ?”

“ತೂತು.”

“ತೂತೇ?”

“ಹದಿನೇಳು! ನಿಮ್ಮ ಚರ್ಚಲ್ಲಿ ಇನ್ನೆಷ್ಟಿವೆಯೋ. ನಾನು ಬಂದು ಹೊಗೆ ಹಾಕ್ಲಾ?”

“ಬೇಡ ತಾಯಿ!” ಎಂದು ಲಯನಲ್ ಎದ್ದೇಬಿಟ್ಟರು. ಅಷ್ಟರಲ್ಲಿ ಕ್ಲಿಫ್ ಮುಂಬಾಗಿಲ ಹತ್ತಿರ ಬೋರಲಾಗಿ ಮಲಗಿ ಊದುಬತ್ತಿ ಚಾಚಿದ. ಹೊಗೆ ಸುಯ್ಯನೆ ಒಳಮುಖವಾಗಿ ಬಾಗಿತು. “ನೋಡಿ, ಇದೊಂದು ಉಳ್ಕೊಂಡಿತ್ತು,” ಎಂದು ಅಂಟು ಒತ್ತಿದ. ಪಾದ್ರಿಗಳು ಹೊಗೆ ನೋಡಿದರು, ಅಂಟು ನೋಡಿದರು, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ನಾಳೇನೇ ಬನ್ನಿ. ಉಪದೇಶ ಮಾಡೋವಾಗ ಚಳಿಗೆ ನನ್ನ ಕಾಲು ಇದ್ಯೋ ಇಲ್ವೋ ಅಂತ ಬಗ್ಗಿ ನೋಡ್ಕೋಬೇಕಾಗುತ್ತೆ.”

ಹದಿನೈದು ದಿನ ಗ್ಲೆನಿಸ್ ಮಹಾರಾಣಿಯಂತೆ ಮೆರೆದಳು. ಹೀಟರು ಸಂಜೆ ಎರಡು ಗಂಟೆ ಹೊತ್ತು ಉರಿದರೆ ಸಾಕಾಗುತ್ತಿತ್ತು. ಆಮೇಲೆ ಕಿಟಕಿಯ ಗಾಜುಗಳು ಒಳಗಿನಿಂದ ನೀರಿಳಿಸಿ ಅಳತೊಡಗಿದವು. ಕ್ಲಿಫ್‌ನ ಒಳ್ಳೇ ಬೂಟಿಗೆ ಹಸಿರು ಬೂಷ್ಟು ಬಂತು. ಗ್ಲೆನಿಸ್ ಬೂಟಿನ ಸಮೇತ ಲೈಬ್ರರಿಗೆ ನುಗ್ಗಿದಳು.

ಹುಡುಗಿ ಬೂಟನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು. “ಭಾಷಣದ ಉಳಿದರ್ಧ ಇದೇ ಇತ್ತು. ದಿನಾ ಬೆಳಿಗ್ಗೆ ಹತ್ತು ನಿಮಿಷ ಎಲ್ಲಾ ಕಿಟಕಿ ತೆಗೀರಿ. ಅಡುಗೆಮನೆ, ಬಚ್ಚಲುಮನೆ ಫ್ಯಾನ್ ಹಾಕಿ. ಮನೇನೂ ಉಸಿರಾಡ್ಬೇಕಲ್ವಾ?”

ಮನೆಯಲ್ಲಿ ಇದನ್ನು ಕೇಳಿ ಕ್ಲಿಫ್ ಕುದ್ದುಹೋದ. “ತೂತು ಮುಚ್ಚೋಕೆ ನನ್ನ ಮಂಡಿ ಸವೆಸ್ದೆ. ಈಗ ಕಿಟಕೀನೇ ತೆಗೀಬೇಕಾ?”

“ಹತ್ತೇ ನಿಮಿಷ. ಗಡಿಯಾರ ಹಿಡ್ಕೊಂಡು ನಿಂತ್ಕೋ,” ಎಂದಳು ಗ್ಲೆನಿಸ್. ಅವನು ನಿಂತುಕೊಂಡ. ಬೂಷ್ಟು ಹೋಯಿತು.

ಚಳಿಗಾಲ ಮುಗಿಯುವುದರೊಳಗೆ ಅವಳು ಬೀದಿಯ ಒಂಬತ್ತು ಮನೆಗೆ ಹೊಗೆ ಹಿಡಿದಳು. ಮೊಯ್ರಾಳ ಮನೆಗೂ ಹೋದಳು. “ಪೂಜೆ ಮಾಡ್ಸೋಕೆ ಕರ್ದಿದ್ದೀಯಾ?” ಎಂದು ಕಿಚಾಯಿಸಿಯೇ ಒಳಗೆ ಕಾಲಿಟ್ಟಳು.

ಚರ್ಚಿನಲ್ಲಂತೂ ಅರವತ್ತನಾಲ್ಕು ತೂತು ಸಿಕ್ಕವು. ಎಲ್ಲವನ್ನೂ ಕ್ಲಿಫ್ ತನ್ನ ಕೈಯಾರೆ ಮುಚ್ಚಿದ. ಈಗ ಅಲ್ಲಿ ಕೋಟು ಬಿಚ್ಚಿ ಕೂರಬಹುದು. ಆದರೆ ಕ್ಲಿಫ್ ಹೆಂಡತಿಯನ್ನು ಇನ್ನೂ ಪೂರ್ತಿ ಕ್ಷಮಿಸಿಲ್ಲ.

“ಮೊದ್ಲು ಪಾದ್ರಿಗಳು ಚಳಿಗೆ ಹೆದ್ರಿ ಕಾಲು ಗಂಟೇಲಿ ಉಪದೇಶ ಮುಗಿಸ್ತಿದ್ರು ಕಣೇ,” ಎಂದು ಅವನು ಭಾನುವಾರ ಅವಳ ಕಿವಿಯಲ್ಲಿ ಗೊಣಗುತ್ತಾನೆ. “ಈಗ ನೋಡು, ಗಂಟೆಯಾದ್ರೂ ಪ್ರಳಯದ ಕಥೇಲಿ ಇನ್ನೂ ನೋಹನ ದೋಣಿಗೆ ಆನೇನೇ ಹತ್ಸಿಲ್ಲ.”